ಎ.ಬಿ.ಎಸ್. ಮೋಟಾರ್ ಸೈಕಲ್ಲಿನ ಬ್ರೇಕು : ಗಾಳಿ ತೆಗೆಯುವ ಕ್ರಮ

ಮೋಟಾರ್ ಸೈಕಲ್ಲು ಇಂದು ಅಧ್ಯಾಪಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ನಿತ್ಯದ ವಾಹನವಾಗಿದೆ. ನಮ್ಮ ದೇಶದಲ್ಲಿ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದಲೂ, ಈ ವರ್ಗದ ಎಲ್ಲ ಹೊಸ ವಾಹನಗಳಿಗೆ 2019ರ ಏಪ್ರಿಲ್‌ನಿಂದಲೂ ಎ.ಬಿ.ಎಸ್. ಕಡ್ಡಾಯವಾಯಿತು. ಇದರ ಆರೈಕೆಯಲ್ಲಿ ಹಳೆಯ ಬ್ರೇಕಿಗಿಲ್ಲದ ಒಂದು ಸೂಕ್ಷ್ಮವುಂಟು. ಅದನ್ನು ಅರಿಯದಿದ್ದರೆ ಪ್ರಾಣಕ್ಕೇ ಅಪಾಯ.

ಡಿಸ್ಕ್ ಬ್ರೇಕಿನಲ್ಲಿ ಕೈಯ ಒತ್ತಡವನ್ನು ಚಕ್ರಕ್ಕೆ ಒಯ್ಯುವುದು ಬ್ರೇಕ್ ಆಯಿಲ್. ದ್ರವವು ಒತ್ತಿದರೆ ಕುಗ್ಗದು, ಗಾಳಿಯಾದರೋ ಕುಗ್ಗುತ್ತದೆ. ಕೊಳವೆಯೊಳಗೆ ಗಾಳಿಯ ಗುಳ್ಳೆ ಸೇರಿತೆಂದರೆ ಒತ್ತಡವು ಗುಳ್ಳೆಯನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗಿ, ಲಿವರು ಮೆತ್ತಗಾಗುತ್ತದೆ. ಈ ತೈಲಕ್ಕೆ ತೇವವನ್ನು ಹೀರುವ ಸ್ವಭಾವವೂ ಇದೆ. ಡಾಟ್ 4 ದರ್ಜೆಯ ಹೊಸ ತೈಲದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಸೇರಿದ ತೈಲಕ್ಕೆ ಈ ಮಿತಿ 155 ಮಾತ್ರ. ಆದುದರಿಂದಲೇ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ತೈಲವನ್ನು ಬದಲಿಸುವಂತೆ ತಯಾರಕರು ಹೇಳುತ್ತಾರೆ.

ಗಾಳಿ ತೆಗೆಯುವ ಸಾಮಾನ್ಯ ಕ್ರಮ ಹೀಗಿದೆ. ಕ್ಯಾಲಿಪರಿನ ನಿಪ್ಪಲ್ಲಿಗೆ ಪಾರದರ್ಶಕ ನಳಿಕೆಯನ್ನು ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ತೈಲವಿರುವ ಸೀಸೆಯಲ್ಲಿ ಮುಳುಗಿಸಬೇಕು. ಲಿವರನ್ನು ಹಲವು ಬಾರಿ ಒತ್ತಿ, ಒತ್ತಿ ಹಿಡಿದಿರುವಂತೆಯೇ ನಿಪ್ಪಲ್ಲನ್ನು ತುಸು ಸಡಿಲಿಸಬೇಕು. ತೈಲವೂ ಗುಳ್ಳೆಯೂ ಹೊರಬಂದ ಕೂಡಲೇ ನಿಪ್ಪಲ್ಲನ್ನು ಬಿಗಿದು, ಆಮೇಲೆಯೇ ಲಿವರನ್ನು ಬಿಡಬೇಕು. ಗುಳ್ಳೆ ನಿಲ್ಲುವವರೆಗೆ ಇದೇ ಕೆಲಸ. ನಡುವೆ ಮೇಲಿನ ಡಬ್ಬಿಯ ತೈಲ ಬರಿದಾಗಲು ಎಂದಿಗೂ ಬಿಡಬಾರದು. ಹೊರಬಂದ ತೈಲವನ್ನು ಮತ್ತೆ ಬಳಸಬಾರದು. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಬೇಕು.

ಇನ್ನು ಎ.ಬಿ.ಎಸ್.ನ ವಿಶೇಷ. ಚಕ್ರ ಸಿಲುಕಿ ಜಾರುವುದನ್ನು ತಡೆಯಲು, ಒತ್ತಡವನ್ನು ಕ್ಷಣಕ್ಷಣಕ್ಕೂ ಇಳಿಸಿ ಏರಿಸುವ ಕವಾಟಗಳೂ ಪಂಪೂ ಲಿವರಿಗೂ ಕ್ಯಾಲಿಪರಿಗೂ ನಡುವಣ ಒಂದು ಪೆಟ್ಟಿಗೆಯಲ್ಲಿವೆ. ಸಾಧಾರಣ ಬ್ರೇಕಿನ ವೇಳೆ ಇದರ ಕೆಲವು ಒಳದಾರಿಗಳು ಮುಚ್ಚಿಯೇ ಇರುತ್ತವೆ. ಅಲ್ಲಿ ಅಡಗಿದ ಗಾಳಿ ಕೈಯೊತ್ತಡಕ್ಕೆ ಹೊರಬಾರದು. ಲಿವರು ಗಟ್ಟಿಯೆಂದು ತೋರಿದರೂ, ಮುಂದೊಮ್ಮೆ ಎ.ಬಿ.ಎಸ್. ಕೆಲಸ ಮಾಡಿದಾಗ ಆ ಗಾಳಿ ಕೊಳವೆಗೆ ಬಂದು, ಬ್ರೇಕು ಬೇಕಾದ ಹೊತ್ತಿನಲ್ಲೇ ಲಿವರು ಸಡಿಲಾಗುವ ಸಂಭವವುಂಟು.

ಡಬ್ಬಿ ಬರಿದಾಗದಂತೆ ತೈಲವನ್ನಷ್ಟೇ ಬದಲಿಸಿದಲ್ಲಿ ಬಹುಮಟ್ಟಿಗೆ ಮೇಲಿನ ಕ್ರಮವೇ ಸಾಕು. ಪೆಟ್ಟಿಗೆಯನ್ನು ಬಿಚ್ಚಿದ್ದರೆ, ಅಥವಾ ಅದರೊಳಗೆ ಗಾಳಿ ಹೊಕ್ಕಿದ್ದರೆ ಸಾಲದು. ಅನೇಕ ವಾಹನಗಳಲ್ಲಿ ಪರೀಕ್ಷಾ ಉಪಕರಣವನ್ನು ಜೋಡಿಸಿ, ಪಂಪನ್ನೂ ಕವಾಟಗಳನ್ನೂ ನಡೆಸುತ್ತಲೇ ಗಾಳಿ ತೆಗೆಯಬೇಕಾಗುತ್ತದೆ. ಅದು ತಜ್ಞರ ಕಾರ್ಯಾಗಾರದ ಕೆಲಸ. ಕ್ರಮವು ಮಾದರಿಯಿಂದ ಮಾದರಿಗೆ ಭಿನ್ನವಾದುದರಿಂದ ತಯಾರಕರ ಕೈಪಿಡಿಯೇ ಪ್ರಮಾಣ.

ಕೆಲಸ ಮುಗಿದ ಮೇಲೆ ಲಿವರನ್ನು ಬಿಗಿಯಾಗಿ ಒತ್ತಿ ಹಿಡಿದು ನೋಡಬೇಕು. ಅದು ಮೆತ್ತಗೆ ಒಳಸರಿದರೆ ವಾಹನವನ್ನು ರಸ್ತೆಗಿಳಿಸಲಾಗದು. ಕಾಯಕವನ್ನು ಪೂಜೆಯೆಂದು ಬಗೆದ ಪರಂಪರೆ ನಮ್ಮದು. ಕಣ್ಣಿಗೆ ಕಾಣದೆಡೆಯಲ್ಲಿಯೂ ಕೆಲಸ ಚೊಕ್ಕಟವಾಗಿರಬೇಕೆಂಬುದು ಕಾಯಕದ ನಿಯಮ. ಬ್ರೇಕಿನ ವಿಷಯದಲ್ಲಿ ಅದು ಸವಾರನ ಜೀವರಕ್ಷೆಯೂ ಹೌದು.