ಮುಗ್ಗುವ ಮೊದಲು

ದೀಪಾವಳಿ ಹತ್ತಿರವಾದರೆ ದಾವಣಗೆರೆಯ ಎಪಿಎಂಸಿ ಅಂಗಳವೆಲ್ಲ ಹಳದಿ. ಟ್ರ್ಯಾಕ್ಟರ್ ಹಿಂದೆ ಟ್ರ್ಯಾಕ್ಟರ್. ಟ್ರೇಲರಿನ ಹಿಂಬಾಗಿಲು ತೆಗೆದರೆ ಮೆಕ್ಕೆಜೋಳ ಜರ್ರನೆ ಸುರಿದು ರಾಶಿಯಾಗುತ್ತದೆ. ಹಮಾಲರ ಹುಬ್ಬು, ಹೆಗಲ ಟವೆಲ್ಲು, ಟೀ ಲೋಟದ ಅಂಚು ಎಲ್ಲಕ್ಕೂ ಹೊಟ್ಟಿನ ಧೂಳು. ಖರೀದಿಗೆ ಬಂದವನು ರಾಶಿಯ ನೆತ್ತಿಯನ್ನು ನಂಬುವುದಿಲ್ಲ. ಮೊಣಕೈವರೆಗೂ ಕೈ ತೂರಿಸಿ ಒಳಗಿನ ಹಿಡಿ ತೆಗೆಯುತ್ತಾನೆ, ಮೂಸುತ್ತಾನೆ, ಒಂದು ಕಾಳನ್ನು ಹಲ್ಲಿಗಿಟ್ಟು ಕಡಿಯುತ್ತಾನೆ. ಕಟಕ್ಕೆನ್ನಬೇಕು. ಎನ್ನದಿದ್ದರೆ, "ಹಸಿ ಐತಿ ಗೌಡ್ರೆ, ಇನ್ನೆರಡು ಬಿಸ್ಲು ಕಾಣ್ಬೇಕು."

"ಮಳಿ ಬಿಟ್ರೆ ತಾನೆ ಬಿಸ್ಲು?" ಗೌಡರ ಉತ್ತರ.

ಇದು ದರದ ಚೌಕಾಸಿ ಹೌದು, ಊಟದ ಕಾವಲೂ ಹೌದು. ಮೆಕ್ಕೆಜೋಳದಲ್ಲಿ ತೇವಾಂಶ ನೂರಕ್ಕೆ 14ನ್ನು ದಾಟಿದ್ದರೆ ಚೀಲದೊಳಗೇ ಕಾಳು ಬೆಚ್ಚಗಾಗಿ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಹಲ್ಲು ಹೇಳಿದ್ದನ್ನು ತೇವ ಅಳೆಯುವ ಪುಟ್ಟ ಯಂತ್ರದಲ್ಲಿ ಮತ್ತೊಮ್ಮೆ ನೋಡುತ್ತಾರೆ.

ಹಳ್ಳಿಗಳಲ್ಲಿ ಕಣಗಳು ಕಡಿಮೆಯಾಗಿ ಒಕ್ಕಣೆ ಡಾಂಬರು ರಸ್ತೆಗೆ ಬಂದಿದೆ. ರಸ್ತೆ ಕಾಳನ್ನು ಬೇಗ ಒಣಗಿಸುತ್ತದೆ. ಜೊತೆಗೆ ಜಲ್ಲಿ, ಗಾಜಿನ ಚೂರು, ವಾಹನದ ಎಣ್ಣೆ, ನಾಯಿ ದನಗಳ ಹೊಲಸನ್ನೂ ಬೆರೆಸಿ ಕಳಿಸುತ್ತದೆ. ಕಲ್ಲು ಜರಡಿಯಲ್ಲಿ ನಿಲ್ಲುತ್ತದೆ, ಹೊಟ್ಟು ಗಾಳಿಗೆ ಹಾರುತ್ತದೆ, ಮೊಳೆ ತಂತಿಗಳನ್ನು ಅಯಸ್ಕಾಂತ ಹಿಡಿದಿಡುತ್ತದೆ. ಎಣ್ಣೆ, ಹೊಲಸು ಅಂಟಿದ ಕಾಳಿಗೆ ಯಾವ ಜರಡಿಯೂ ಇಲ್ಲ.

ಗೋದಾಮಿನ ಒಳಗೆ ಕಾಲಿಟ್ಟರೆ ಗದ್ದಲ ಹೊರಗೇ ಉಳಿಯುತ್ತದೆ. ಚೀಲಗಳ ನಿಟ್ಟು ನೇರ ನೆಲದ ಮೇಲಿಲ್ಲ, ಮರದ ಚೌಕಟ್ಟಿನ ಮೇಲಿದೆ. ನೆಲದ ತಂಪು ಕಾಳಿಗೆ ಏರಬಾರದು. ಗೋಡೆಗೂ ನಿಟ್ಟಿಗೂ ನಡುವೆ ಒಬ್ಬ ಮನುಷ್ಯ ನಡೆಯುವಷ್ಟು ಜಾಗ. ಉಸ್ತುವಾರಿಯವನು ಟಾರ್ಚ್ ಹಿಡಿದು ಆ ಓಣಿಯಲ್ಲಿ ಸುತ್ತುತ್ತಾನೆ: ಇಲಿ ಹಿಕ್ಕೆ ಬಿದ್ದಿದೆಯೇ, ಚೀಲದ ಹೊಲಿಗೆಯಲ್ಲಿ ಸೊಂಡಿಲು ಹುಳು ಹರಿದಾಡುತ್ತಿದೆಯೇ, ತಗಡಿನ ತೂತಿನಿಂದ ನೀರು ಇಳಿದಿದೆಯೇ. ಕಿಟಕಿಗೆ ಬಲೆ, ಪಾರಿವಾಳ ಬರದಂತೆ. ಬಲ್ಬಿಗೆ ಕವಚ, ಒಡೆದರೂ ಗಾಜು ಕಾಳಿಗೆ ಬೀಳದಂತೆ. ಒಣಹವೆಯಲ್ಲಿ ಬಾಗಿಲು ತೆರೆಯುತ್ತಾರೆ, ಮೋಡ ಕವಿದರೆ ಮುಚ್ಚುತ್ತಾರೆ.

ಹುಳು ಕಂಡ ನಿಟ್ಟಿಗೆ ಪ್ಲಾಸ್ಟಿಕ್ ಹೊದಿಕೆ ಬೀಳುತ್ತದೆ. ಅಂಚಿನ ಮೇಲೆಲ್ಲ ಮರಳಿನ ಉದ್ದ ಚೀಲಗಳನ್ನಿಟ್ಟು ಗಾಳಿ ಆಡದಂತೆ ಬಿಗಿಯುತ್ತಾರೆ. ಒಳಗಿಟ್ಟ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವ ಹೀರಿ ಫಾಸ್ಫೀನ್ ಅನಿಲ ಬಿಡುತ್ತದೆ. ಅದಕ್ಕೆ ಹುಳು, ಮನುಷ್ಯ ಎಂಬ ಭೇದವಿಲ್ಲ. ಹಾಗಾಗಿ ತಲೆಬುರುಡೆಯ ಫಲಕ, ಬೀಗ, ಹೊದಿಕೆ ತೆಗೆದ ಮೇಲೆ ಗಾಳಿಯಾಡಲು ಬಿಡುವ ಹೊತ್ತು. ಔಷಧಿಯ ಡಬ್ಬಗಳಿಗೆ ಬೇರೆಯದೇ ಕೋಣೆ. 1958ರಲ್ಲಿ ಒಂದೇ ಹಡಗಿನಲ್ಲಿ ಸಾಗಿದ ಪ್ಯಾರಾಥಿಯಾನ್ ಎಂಬ ಕೀಟನಾಶಕ ಗೋಧಿ ಹಿಟ್ಟಿಗೆ ಸೋರಿ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 1968ರ ಕೀಟನಾಶಕ ಕಾಯ್ದೆಯ ಬೇರು ಆ ದುರಂತದಲ್ಲಿದೆ.

ಹುಳು ಸಾಯುತ್ತದೆ, ಕಲ್ಲು ಹೋಗುತ್ತದೆ. ಬೂಷ್ಟು ಬಿಟ್ಟುಹೋದ ವಿಷ ಮಾತ್ರ ಹೋಗುವುದಿಲ್ಲ. ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಕಾಳಿನಲ್ಲಿ ಅಫ್ಲಟಾಕ್ಸಿನ್ ಸುರಿಸುತ್ತದೆ. ಅದು ಮನೆಯ ಒಲೆಯ ಕಾವಿಗೆ ಜಗ್ಗದು, ತೊಳೆದರೂ ಬಿಡದು. ನೇರ ಯಕೃತ್ತಿಗೆ ನಾಟುತ್ತದೆ. 1974ರಲ್ಲಿ ಗುಜರಾತ್, ರಾಜಸ್ಥಾನಗಳ ಆದಿವಾಸಿ ಹಳ್ಳಿಗಳಲ್ಲಿ ಅಕಾಲದ ಮಳೆಗೆ ನೆನೆದ ಮೆಕ್ಕೆಜೋಳ ಉಂಡು ಕಾಮಾಲೆಗೆ ಬಿದ್ದ 397 ಜನರಲ್ಲಿ 106 ಮಂದಿ ತೀರಿಕೊಂಡರು. ನಮ್ಮ ದಖ್ಖನ್ನಿನ ಕೆಲವು ಹಳ್ಳಿಗಳಲ್ಲೂ 1995ರಲ್ಲಿ ಮಳೆಗೆ ಸಿಕ್ಕ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಹತ್ತಿತು. ಅಲ್ಲಿದ್ದದ್ದು ಇನ್ನೊಂದು ಬೂಷ್ಟಿನ ವಿಷ, ಫ್ಯುಮೊನಿಸಿನ್.

ಕಾನೂನು ಧಾನ್ಯಕ್ಕೆ ಬಿಟ್ಟಿರುವ ಮಿತಿ ಕಿಲೋಗೆ 15 ಮೈಕ್ರೋಗ್ರಾಂ ಅಫ್ಲಟಾಕ್ಸಿನ್. ಹತ್ತು ಟನ್ ಲೋಡಿಗೆ ಅದು 150 ಮಿಲಿಗ್ರಾಂ, ಚಿಟಿಕೆ ಉಪ್ಪಿಗಿಂತ ಕಡಿಮೆ. ಅಷ್ಟೂ ಒಂದೇ ಚೀಲದ ಒಂದು ಮೂಲೆಯಲ್ಲಿ ಅಡಗಿರಬಹುದು. ಅದಕ್ಕೇ ಮಾದರಿ ತೆಗೆಯುವವರು ಚೀಲಕ್ಕೆ ಚುಚ್ಚುವ ಕೊಳವೆಯನ್ನು ಲೋಡಿನ ಮೇಲೆ, ನಡುವೆ, ತಳದಲ್ಲಿ ಆಡಿಸುತ್ತಾರೆ. ಇಲ್ಲಿಯ ಮೆಕ್ಕೆಜೋಳ ಬಹುಪಾಲು ಕೋಳಿ, ದನಗಳ ಮೇವಿಗೆ ತಾನೇ ಎಂದು ಸಮಾಧಾನಪಡುವಂತಿಲ್ಲ. ಹಸು ತಿಂದ ವಿಷ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ.

ಪ್ರಯೋಗಾಲಯ ವಿಷವನ್ನು ಹುಡುಕಬಲ್ಲದು, ತಡೆಯಲಾರದು. ತಡೆಯುವ ಕೆಲಸ ಕೊಯ್ಲಿನ ಮರುದಿನವೇ ಶುರುವಾಗಬೇಕು: ಊರಿಗೊಂದು ಸಿಮೆಂಟ್ ಕಣ, ಕಣಕ್ಕೊಂದು ತಾಡಪಾಲು, ಮೋಡದ ದಿನಗಳಿಗೆ ಬಾಡಿಗೆಗೆ ಸಿಗುವ ಒಣಗಿಸುವ ಯಂತ್ರ. ಒಣಗಿದಷ್ಟೂ ಕಾಳಿನ ತೂಕ ಇಳಿಯುತ್ತದೆ, ತೂಕ ಇಳಿದಷ್ಟು ರೈತನ ಕೈಯ ಹಣ ಕರಗುತ್ತದೆ. ಆ ನಷ್ಟವನ್ನು ದರ ತುಂಬಿಕೊಡದಿದ್ದರೆ ಹಸಿ ಕಾಳು ಬರುತ್ತಲೇ ಇರುತ್ತದೆ, ಗೋದಾಮಿನ ಬಾಗಿಲಲ್ಲಿ ಎಷ್ಟು ಯಂತ್ರಗಳನ್ನಿಟ್ಟರೂ.