ಜಾಹೀರಾತಿಲ್ಲದ ಪತ್ರಿಕೆಯ ಲಂಕೇಶ್

ಜಾಹೀರಾತಿಲ್ಲದೆ ಪತ್ರಿಕೆ ನಡೆದೀತೆ? ಮಂಡಿಯ ಸಾವಕಾರರನ್ನು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ಪಿ. ಲಂಕೇಶ್ ನಡೆಸಿದರು. 1935ರಲ್ಲಿ ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ ಹುಟ್ಟಿದ ಒಕ್ಕಲು ಮನೆಯ ಮಗ, ಬೆಂಗಳೂರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. 'ಪ್ರಜಾವಾಣಿ'ಯಲ್ಲಿ ಬರೆಯುತ್ತಿದ್ದ ಅಂಕಣ ನಿಂತ ಮೇಲೆ 1980ರಲ್ಲಿ 'ಲಂಕೇಶ್ ಪತ್ರಿಕೆ' ತೆಗೆದರು. ಓದುಗ ಕೊಟ್ಟ ಚಿಲ್ಲರೆಯೇ ಅದರ ಆದಾಯ.

ನಮ್ಮ ರಾಯದುರ್ಗದ ಕಡೆಗೆ ಅದು ಬಳ್ಳಾರಿ ಬಸ್ಸಿನಲ್ಲಿ ಬರಬೇಕಿತ್ತು. ನಾನಾಗ ಹೈಸ್ಕೂಲು ಹುಡುಗ. ಅವರ 'ಟೀಕೆ ಟಿಪ್ಪಣಿ' ಅಂಕಣವನ್ನು ಗೆಳೆಯರಿಗೆ ತೆಲುಗಲ್ಲಿ ಹೇಳಿ ತೋರಿಸ್ತಿದ್ದೆ; ಬೈಗುಳ ಬರುತ್ತಿತ್ತು, ಮೊನಚು ಬರುತ್ತಿರಲಿಲ್ಲ.

ಮುಖ್ಯಮಂತ್ರಿ ಗುಂಡೂರಾಯರು 'ಗುಂ' ಆದರು, ಬಂಗಾರಪ್ಪನವರು 'ಬಂ' ಆದರು. ಮಂದಿ ನಕ್ಕರು, ಆಳುವವರು ಕೆಂಡವಾದರು, ಮಾನನಷ್ಟದ ಕೇಸುಗಳು ಬಿದ್ದವು. 1983ರಲ್ಲಿ ಕಾಂಗ್ರೆಸ್ ಸೋತು ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂತು. ಇನ್ನು ತಣ್ಣಗಾಗ್ತಾರೆ ಅಂದುಕೊಂಡವರಿದ್ದರು. ಹೆಗಡೆಯವರನ್ನೂ ಬಿಡಲಿಲ್ಲ. ಸಾಹಿತಿ ಗೆಳೆಯರ ಪಾಡಂತೂ ಕೇಳಲೇಬೇಡಿ! ಕೆಲವು ಸಲ ಟೀಕೆ ವಿಷಯ ದಾಟಿ ಮನುಷ್ಯನ ಮೇಲೇ ಹೋಗ್ತಿತ್ತು. ಅದು ನನಗೆ ಇಂದಿಗೂ ಹಿಡಿಸಿಲ್ಲ.

ಆದರೆ ಅದೇ ಪತ್ರಿಕೆ ಗಡಿಯವರಿಗೆ ಬಾಗಿಲು ತೆರೆಯಿತು. ಕಾಸರಗೋಡಿನಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಕಲಿತ ಸಾರಾ ಅಬೂಬಕ್ಕರ್ ಅವರ ಮೊದಲ ಲೇಖನ 1981ರಲ್ಲಿ ಅಚ್ಚಾದದ್ದು ಅಲ್ಲಿಯೇ. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಧಾರಾವಾಹಿಯಾಗಿ ಬಂದದ್ದೂ ಅಲ್ಲಿಯೇ. ಮುಸ್ಲಿಂ ಹೆಣ್ಣುಮಗಳ ಸಂಕಟವನ್ನು ಆ ಮನೆಯೊಳಗಿನವರೇ ಬರೆದದ್ದು ಅನೇಕರಿಗೆ ಹೊಸತು. ಅವರ ಮೇಲೂ ವಿರೋಧ ಎದ್ದಿತು.

ಲಂಕೇಶ್ 2000ದ ಜನವರಿ 25ರಂದು ತೀರಿಕೊಂಡರು. ಅಲ್ಲಿಯವರೆಗೂ ಅವರ ಪತ್ರಿಕೆಯಲ್ಲಿ ಜಾಹೀರಾತು ಕಾಣಲಿಲ್ಲ.