ಎಡಗಣ್ಣು ಮುಚ್ಚಿತು, ಬಲಗೈ ಸೋತಿತು!

ಪ್ರಶ್ನೆ: ದೊಡ್ಡಪ್ಪನಿಗೆ ಪಾರ್ಶ್ವವಾಯು ಬಡಿದು ಎಡಗಣ್ಣಿನ ರೆಪ್ಪೆ ಜೋತುಬಿತ್ತು. ಸ್ವಾಧೀನ ತಪ್ಪಿದ್ದು ಮಾತ್ರ ಬಲಗೈ, ಬಲಗಾಲು. ಹೀಗೇಕೆ?
– ಓದುಗರು, ಮತ್ತಿಗಿರಿ

ಉತ್ತರ: ಇದು ವೆಬರ್ ಸಿಂಡ್ರೋಮ್ ಇರಬಹುದು. ಅಪರೂಪದ್ದು, ಹರ್ಮನ್ ವೆಬರ್ ಎಂಬ ವೈದ್ಯ 1863ರಲ್ಲಿ ವಿವರಿಸಿದ್ದು. ಮಿದುಳುಕಾಂಡದ ಮೇಲ್ಭಾಗದಲ್ಲಿ ಕಣ್ಣು ಆಡಿಸುವ ಮೂರನೇ ನರವೂ ಕೈಕಾಲಿನ ನರತಂತುಗಳೂ ಅಕ್ಕಪಕ್ಕದಲ್ಲೇ ಸಾಗುತ್ತವೆ. ಅಲ್ಲಿ ರಕ್ತ ಕಟ್ಟಿದರೆ ಎರಡಕ್ಕೂ ಏಟು. ಕಣ್ಣಿನ ನರ ಅದೇ ಬದಿಯ ಕಣ್ಣಿಗೆ ಹೋಗುತ್ತದೆ. ಕೈಕಾಲಿನ ತಂತುಗಳು ಇನ್ನೂ ಕೆಳಗಿಳಿದ ಮೇಲೆ ಆಚೆ ಬದಿಗೆ ದಾಟುತ್ತವೆ. ರೆಪ್ಪೆ ಎತ್ತಿ ನೋಡಿದರೆ ಗುಡ್ಡೆ ಹೊರಕ್ಕೂ ಕೆಳಕ್ಕೂ ವಾಲಿರುತ್ತದೆ, ಪಾಪೆ ಹಿಗ್ಗಿರುತ್ತದೆ. ಕಣ್ಣಿನ ಕಾಯಿಲೆಯೆಂದು ಕನ್ನಡಕದಂಗಡಿಗೆ ಓಡಿದರೆ ಕೆಟ್ಟಿತು! ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಯ ಗಡುವಿದೆ. ಬಿಪಿ, ಸಕ್ಕರೆ ಕಾಯಿಲೆಯೇ ಬಹುಪಾಲು ಮೂಲ. ಮನೆಬಾಗಿಲಲ್ಲೇ ಇವನ್ನು ತಪಾಸಣೆ ಮಾಡುವ ತಮಿಳುನಾಡಿನ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರಲ್ಲಿ ಶುರುವಾದದ್ದು ನಿಮ್ಮ ಕೃಷ್ಣಗಿರಿ ಜಿಲ್ಲೆಯಲ್ಲೇ. ಮನೆಯ ಹಿರಿಯರಿಗೆಲ್ಲ ಬಿಪಿ ನೋಡಿಸಿ. ಇಂಥ ಲಕ್ಷಣ ಕಂಡ ಕೂಡಲೇ 108ಕ್ಕೆ ಫೋನ್ ಮಾಡಿ.